ಸಹಿ ಹಾಕುವ ಮುಂಚೆ ತಾರೀಖು ಕೇಳು

ತಂಗೀ, ಬೆಂಗಳೂರಿನ ದೊಡ್ಡ ಕಂಪನಿಯೊಂದು ತನ್ನ ಕ್ಯಾಂಟೀನಿಗೆ ಬೇಕಾದ ಸಾಮೆ ಅಕ್ಕಿಯನ್ನು ನಿಮ್ಮ ರೈತ ಉತ್ಪಾದಕ ಕಂಪನಿಯಿಂದಲೇ ಕೊಳ್ಳುತ್ತೇನೆ ಎಂದಿದೆಯಂತೆ. ಕೇಳಿ ಮನಸ್ಸಿಗೆ ತುಂಬ ಹಿತವಾಯಿತು. ತಿಂಗಳಿಗೆ ಎರಡು ಟನ್ ಸಣ್ಣ ಮಾತಲ್ಲ. ಸಹಿ ಹಾಕಬೇಡ ಎನ್ನಲು ಇದನ್ನು ಬರೆಯುತ್ತಿಲ್ಲ, ಖಂಡಿತ ಹಾಕು. ಆದರೆ ಅದಕ್ಕೆ ಮುಂಚೆ ಒಂದು ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ತೆಗೆದುಕೋ. ಹಣ ಯಾವ ದಿನ ಕೈಸೇರುತ್ತದೆ? ಕೆಜಿಗೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ, ಚೌಕಾಸಿಯನ್ನೂ ಮಾಡುತ್ತಾರೆ. ನಾನು ಕಂಡಂತೆ ಸಂಘಗಳು ಮುಗ್ಗರಿಸುವುದು ಹೆಚ್ಚಾಗಿ ತಾರೀಖಿನ ವಿಷಯದಲ್ಲಿ.

ಬಾ, ಲೆಕ್ಕ ಹಾಕೋಣ. ಕಾಳೂ ಯಂತ್ರವೂ ಚೆನ್ನಾಗಿದ್ದರೆ ನೂರು ಕೆಜಿ ಸಾಮೆಯಿಂದ ಅರವತ್ತು ಕೆಜಿ ಆಸುಪಾಸು ಅಕ್ಕಿ ಬರುತ್ತದೆ. ತಿಂಗಳಿಗೆ ಎರಡು ಟನ್ ಅಂದರೆ ವರ್ಷಕ್ಕೆ 24 ಟನ್ ಅಕ್ಕಿ. ಅದಕ್ಕೆ 40 ಟನ್, ಅಂದರೆ 400 ಕ್ವಿಂಟಲ್ ಸಾಮೆ ಬೇಕು. ಲೆಕ್ಕಕ್ಕೆಂದು ಕ್ವಿಂಟಲಿಗೆ 4,000 ರೂಪಾಯಿ ಹಿಡಿದರೂ 16 ಲಕ್ಷವಾಯಿತು. ಸಾಮೆ ತಿಂಗಳು ತಿಂಗಳೂ ಬೆಳೆಯುವ ಪೈರಲ್ಲ. ಮುಂಗಾರಿನಲ್ಲಿ ಬಿತ್ತಿದ್ದು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಕಟಾವಾಗುತ್ತದೆ. ಆಗಲೇ ರೈತನಿಗೆ ಸಾಲ ತೀರಿಸಬೇಕು, ಹಿಂಗಾರಿಗೆ ಬೀಜ ಗೊಬ್ಬರ ತರಬೇಕು, ದೀಪಾವಳಿ ಮಾಡಬೇಕು. ವರ್ಷದ ದಾಸ್ತಾನನ್ನೆಲ್ಲ ನೀನು ಆ ಆರೇಳು ವಾರಗಳಲ್ಲೇ ಕೊಂಡಿಡಬೇಕು.

ನಿಮ್ಮ ಗಂಟಿನಲ್ಲಿ ಎಷ್ಟಿದೆ? ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳ, ಅಂದರೆ ಎಫ್‌ಪಿಒಗಳ ಯೋಜನೆಯಲ್ಲಿ ಬಯಲು ಸೀಮೆಗೆ ಕನಿಷ್ಠ 300 ಸದಸ್ಯರು ಬೇಕು. ತಲೆಗೆ ಸಾವಿರದಂತೆ ಷೇರು ಹಾಕಿದರೆ ಮೂರು ಲಕ್ಷ. ಅದಕ್ಕೆ ಸರಿಸಮನಾಗಿ ಸರ್ಕಾರದ ಈಕ್ವಿಟಿ ಅನುದಾನ ಬಂತು ಅಂದುಕೊಂಡರೂ ಒಟ್ಟು ಆರು. ಬೇಕಾದದ್ದು 16 ಲಕ್ಷ, ಇರುವುದು ಆರು. ಕಂಪನಿಯ ಕಾಗದದಲ್ಲಿ ‘60 ದಿನ’ ಎಂಬ ಒಂದು ಸಣ್ಣ ಸಾಲು ಇದ್ದರೆ, ಅಕ್ಕಿಗೆ ಕೆಜಿಗೆ ನೂರು ರೂಪಾಯಿ ಎಂದಿಟ್ಟುಕೊಂಡರೂ ನಾಲ್ಕು ಲಕ್ಷ ಯಾವಾಗಲೂ ಅವರ ಬಳಿಯೇ ಉಳಿದಿರುತ್ತದೆ. ಸಂಘದ ಸದಸ್ಯೆಯೊಬ್ಬಳು ತನ್ನ ಮೂರು ಚೀಲವನ್ನು ಅಡತಿಗೆ ಕೊಟ್ಟು ಬಂದಳು ಎಂದು ಬೇಸರಪಡುವ ಮುಂಚೆ ಈ ಲೆಕ್ಕವನ್ನು ಇನ್ನೊಮ್ಮೆ ನೋಡು. ಅಡತಿಯವನು ಆ ಸಂಜೆಯೇ ದುಡ್ಡು ಎಣಿಸಿದ. ಮಗಳ ಮದುವೆಗೆ ಕೈಸಾಲ ಕೊಟ್ಟವನೂ ಅವನೇ. ನೀನು ಅವಳಿಗೆ ಹೇಳಿದ್ದು ಜನವರಿಗೆ ಬಾ ಎಂದು.

ಹಾಗಾಗಿ ಕಂಪನಿಯವರ ಎದುರು ಕೂತಾಗ ಕೆಜಿಗೆ ಎರಡು ರೂಪಾಯಿ ಹೆಚ್ಚು ಕೇಳುವುದಕ್ಕಿಂತ ಕಟಾವಿನ ಹೊತ್ತಿಗೆ ಮುಂಗಡ ಕೇಳು. ವರ್ಷದ ಆರ್ಡರಿನ ಮೂರನೇ ಒಂದು ಭಾಗವಾದರೂ ಅಕ್ಟೋಬರಿನಲ್ಲಿ ಬರಲಿ. ಕೋಟಿ ಕೋಟಿ ವಹಿವಾಟಿನವರಿಗೆ ಅದು ಕಾಣಿಸದಷ್ಟು ಸಣ್ಣ ಮೊತ್ತ. ಮುಂಗಡಕ್ಕೆ ನಿಯಮವಿಲ್ಲ ಎಂದರೆ, ಖರೀದಿಯ ಬದ್ಧತೆಯನ್ನು ವರ್ಷಕ್ಕೆಂದು ಪತ್ರದಲ್ಲಿ ಕೊಡಿ ಎನ್ನು. ಆ ಪತ್ರ ಹಿಡಿದು ನಬಾರ್ಡಿನ ನಬ್‌ಕಿಸಾನ್ ಹತ್ತಿರವೋ ನಿಮ್ಮ ಬ್ಯಾಂಕಿನ ಹತ್ತಿರವೋ ದುಡಿಯುವ ಬಂಡವಾಳ ಕೇಳಬಹುದು. ಬಾಯಿಮಾತಿನ ಆಶ್ವಾಸನೆಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ.

ಕಾನೂನು ನಿನ್ನ ಪರವಾಗಿಯೇ ಇದೆ, ಅದನ್ನು ತಿಳಿದುಕೊಂಡು ಹೋಗು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸಣ್ಣ, ಅತಿಸಣ್ಣ ಉದ್ಯಮದಿಂದ ಮಾಲು ಪಡೆದವರು ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರ ಬಜೆಟ್ಟಿನಲ್ಲಿ ಇದಕ್ಕೆ ಇನ್ನಷ್ಟು ಬಲ ಬಂತು. ಗಡುವಿನೊಳಗೆ ಕೊಡದಿದ್ದರೆ, ನಿಜವಾಗಿ ಕೊಡುವವರೆಗೆ ಆ ಖರ್ಚನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯುವಂತಿಲ್ಲ ಎಂದಾಯಿತು. ಅಂದಿನಿಂದ ಕಂಪನಿಗಳ ಲೆಕ್ಕ ವಿಭಾಗದವರು ಈ 45ರ ಅಂಕಿಯನ್ನು ಎಚ್ಚರದಿಂದ ನೋಡುತ್ತಾರೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಸಣ್ಣ ಉದ್ಯಮಗಳ ‘ಉದ್ಯಮ್’ ನೋಂದಣಿಯಲ್ಲಿ ಬರೀ ವ್ಯಾಪಾರ ಎಂದು ನಮೂದಿಸಿಕೊಂಡವರಿಗೆ ಈ ರಕ್ಷಣೆ ಇಲ್ಲ. ನೀವು ಸಾಮೆಯ ಹೊಟ್ಟು ತೆಗೆದು, ಹಸನು ಮಾಡಿ, ಪ್ಯಾಕ್ ಮಾಡುತ್ತೀರಿ, ಅದು ಸಂಸ್ಕರಣೆ. ನೋಂದಣಿಯಲ್ಲಿ ಹಾಗೆಯೇ ಇದೆಯೇ ಎಂದು ಇವತ್ತೇ ತೆಗೆದು ನೋಡು. ಉದ್ಯಮ್ ಸಂಖ್ಯೆ ಪ್ರತಿ ಇನ್‌ವಾಯ್ಸಿನ ಮೇಲೂ ಇರಲಿ.

ಹೌದು, ಸಿಗುವ ಒಬ್ಬನೇ ದೊಡ್ಡ ಗಿರಾಕಿಯ ಮೇಲೆ ಯಾವ ಸಂಘವೂ ದೂರು ಕೊಡಲು ಹೋಗುವುದಿಲ್ಲ, ಅದು ನನಗೂ ಗೊತ್ತು. ಅದಕ್ಕೇ ಹೇಳುತ್ತಿರುವುದು, ಕಾನೂನನ್ನು ಜಗಳಕ್ಕೆ ಇಟ್ಟುಕೊಳ್ಳಬೇಡ, ಒಪ್ಪಂದ ಬರೆಯುವ ದಿನವೇ ಬಳಸಿಕೋ. ‘ಮಾಲು ತಲುಪಿದ 15 ದಿನಕ್ಕೆ ಪಾವತಿ’ ಎಂದು ಬರೆಸಲು ನೋಡು. ಅವರು ಟ್ರೆಡ್ಸ್ ವೇದಿಕೆಯಲ್ಲಿದ್ದಾರೆಯೇ ಕೇಳು. 250 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಅದರಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ನಿಯಮವಿದೆ. ಅವರು ಒಪ್ಪಿದ ಬಿಲ್ಲನ್ನು ಅಲ್ಲಿ ಬ್ಯಾಂಕಿಗೆ ಕೊಟ್ಟು, ಸ್ವಲ್ಪ ಬಡ್ಡಿ ಬಿಟ್ಟುಕೊಟ್ಟು, ಬೇಗ ಹಣ ಪಡೆಯಬಹುದು.

ಇನ್ನೊಂದು ವಿಷಯ. ನಿನ್ನನ್ನು ಮೊದಲು ಮಾತಾಡಿಸಿದ್ದು ಯಾರು, ಸಿಎಸ್‌ಆರ್ ವಿಭಾಗವೋ ಖರೀದಿ ವಿಭಾಗವೋ? ಎರಡೂ ಒಂದೇ ಕಟ್ಟಡದಲ್ಲಿದ್ದರೂ ಬೇರೆ ಬೇರೆ ಊರು ಇದ್ದ ಹಾಗೆ. ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡುತ್ತವೆ. ಆ ಹಣದಲ್ಲಿ ನಿಮಗೊಂದು ಕಲ್ಲು ತೆಗೆಯುವ ಯಂತ್ರವೋ ತರಬೇತಿಯೋ ಸಿಗಬಹುದು. ಕ್ಯಾಂಟೀನಿನ ಅಕ್ಕಿ ಬರುವುದು ದಿನದಿನದ ಖರ್ಚಿನ ಹಣದಿಂದ. ನಿನಗೆ ಬೇಕಾದದ್ದು ಆ ಎರಡನೆಯದು. ಬ್ರಿಟನ್ನಿನಲ್ಲಿ ಸೋಶಿಯಲ್ ಎಂಟರ್‌ಪ್ರೈಸ್ ಯುಕೆ ಎಂಬ ಸಂಸ್ಥೆ 2016ರಲ್ಲಿ ದೊಡ್ಡ ಕಂಪನಿಗಳನ್ನು ಒಟ್ಟುಗೂಡಿಸಿ, ಸಾಮಾಜಿಕ ಉದ್ಯಮಗಳಿಂದ ನೂರು ಕೋಟಿ ಪೌಂಡಿನಷ್ಟು ಮಾಲು ಮತ್ತು ಸೇವೆ ಕೊಳ್ಳುವ ಗುರಿ ಹಾಕಿಕೊಟ್ಟಿತು. ಅಲ್ಲಿ ಕೇಳಿದ್ದು ದೇಣಿಗೆಯನ್ನಲ್ಲ. ಹೇಗೂ ಖರ್ಚಾಗುವ ಹಣವನ್ನೇ ಈ ಕಡೆ ತಿರುಗಿಸಿ ಎಂದು ಕೇಳಿದರು. ನಮ್ಮಲ್ಲಿ ದೀಪಾವಳಿಗೆ ಸೆಣಬಿನ ಚೀಲದಲ್ಲಿ ಸಿರಿಧಾನ್ಯದ ಉಡುಗೊರೆ ಕೊಡುವ ಕಂಪನಿಗಳು ಬೇಕಾದಷ್ಟಿವೆ. ಆ ಆರ್ಡರನ್ನೂ ಬಿಡಬೇಡ, ಆದರೆ ಅದನ್ನು ನಂಬಿ ಯಂತ್ರದ ಸಾಲ ಮಾಡಬೇಡ. ಮುಂದಿನ ವರ್ಷದ ಉಡುಗೊರೆ ಏನೆಂದು ಅವರಿಗೇ ತಿಳಿದಿರುವುದಿಲ್ಲ.

ಕ್ಯಾಂಟೀನು ಎಂದಾಗ ಇನ್ನೂ ಒಬ್ಬರಿದ್ದಾರೆ, ಅವರನ್ನು ಮರೆಯಬಾರದು. ಬಹಳಷ್ಟು ಕಂಪನಿಗಳಲ್ಲಿ ಅಡುಗೆ ಮಾಡುವುದು ಕೇಟರಿಂಗ್ ಗುತ್ತಿಗೆದಾರರು, ಅವರಿಗೆ ಹಣ ಸಿಗುವುದು ತಟ್ಟೆಯ ಲೆಕ್ಕದಲ್ಲಿ. ನಿನ್ನ ಸಾಮೆ ಸೋನಾ ಮಸೂರಿಗಿಂತ ದುಬಾರಿಯಾದರೆ ಆ ನಷ್ಟ ಅವರ ತಲೆಯ ಮೇಲೆ. ಕಂಪನಿಯ ಮೇಲಿನವರು ಎಷ್ಟೇ ಒಳ್ಳೆಯ ಮನಸ್ಸಿನವರಾದರೂ ಮೂರನೇ ತಿಂಗಳಿಗೆ ಮೆನುವಿನಿಂದ ಸಾಮೆ ಮಾಯವಾಗುವುದು ಹೀಗೆ. ಗುತ್ತಿಗೆಯ ಕರಾರಿನಲ್ಲೇ ವಾರಕ್ಕೆ ಇಷ್ಟು ದಿನ ಸಿರಿಧಾನ್ಯ, ಅದಕ್ಕೆ ತಟ್ಟೆಗೆ ಇಷ್ಟು ಹೆಚ್ಚುವರಿ ದರ ಎಂದು ಕಂಪನಿ ಸೇರಿಸಲಿ. ಬಿಲ್ಲು ಯಾರ ಹೆಸರಿಗೆ, ಹಣ ಯಾರಿಂದ ಎನ್ನುವುದೂ ಆಗಲೇ ತೀರ್ಮಾನವಾಗಲಿ.

ಆಮೇಲೆ ಅಡುಗೆಮನೆಗೆ ಹೋಗು. ಸಾಮೆಯನ್ನು ಅರ್ಧ ಗಂಟೆ ನೆನೆಸಬೇಕು, ಒಂದಕ್ಕೆ ಎರಡರಿಂದ ಎರಡೂವರೆ ನೀರು ಸಾಕು, ಅಕ್ಕಿಯಷ್ಟು ಹೊತ್ತು ಉರಿ ಬೇಡ. ಇದು ತಿಳಿಯದೆ ಬೇಯಿಸಿದರೆ ಮುದ್ದೆಯಾಗುತ್ತದೆ. ಬಿಸಿಪೆಟ್ಟಿಗೆಯಲ್ಲಿ ಎರಡು ಗಂಟೆ ಇಟ್ಟರೆ ಮೇಲ್ಪದರ ಒಣಗಿ ಗಟ್ಟಿಯಾಗುತ್ತದೆ. ಚಿತ್ರಾನ್ನ, ಮೊಸರನ್ನ, ಬಿಸಿಬೇಳೆಬಾತಿಗೆ ಅದು ಚೆನ್ನಾಗಿ ಒಗ್ಗುತ್ತದೆ, ಬರೀ ಅನ್ನ ಸಾರಿಗೆ ಜನ ಒಗ್ಗಲು ಕಾಲ ಬೇಕು. ನಿಮ್ಮ ಸಂಘದ ಇಬ್ಬರು ಹೆಂಗಸರನ್ನು ಕರೆದುಕೊಂಡು ಹೋಗು, ಅವರು ಅಲ್ಲಿನ ಬಾಣಸಿಗರ ಪಕ್ಕದಲ್ಲೇ ನಿಂತು ಒಂದು ದಿನ ಮಾಡಿ ತೋರಿಸಲಿ. ಯಾವ ಪವರ್‌ಪಾಯಿಂಟೂ ಆ ಕೆಲಸ ಮಾಡಲಾರದು.

ಗುಣಮಟ್ಟದ ವಿಷಯದಲ್ಲಿ ನಾನು ಸ್ವಲ್ಪ ಕಟು. ನಿಮ್ಮದು ಬಡ ಹೆಣ್ಣುಮಕ್ಕಳ ಸಂಘ ಎಂದು ಮೊದಲ ಲೋಡನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು, ಎರಡನೆಯದನ್ನು ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಲೂಬಾರದು. ಊಟ ಮಾಡುವವನ ಹಲ್ಲಿಗೆ ಒಂದು ಕಲ್ಲು ಸಿಕ್ಕರೆ ಅಲ್ಲಿಗೆ ಮುಗಿಯಿತು. ಒಂದು ಹಿಡಿ ಅಕ್ಕಿಯನ್ನು ಕಪ್ಪು ತಟ್ಟೆಯ ಮೇಲೆ ತೆಳ್ಳಗೆ ಹರಡಿ ಬೆಳಕಿಗೆ ಹಿಡಿದು ನೋಡು. ಹೊಟ್ಟು ಬಿಡದ ಕಾಳು ಹೊಳೆಯುತ್ತದೆ, ನುಚ್ಚು ಅಂಚಿಗೆ ಸರಿಯುತ್ತದೆ, ಸಾಮೆಯಷ್ಟೇ ಗಾತ್ರದ ಮರಳು ಮಾತ್ರ ಕಣ್ಣಿಗೆ ಮೋಸ ಮಾಡುತ್ತದೆ. ಬೆರಳಿನಿಂದ ಒತ್ತಿ ನೋಡಬೇಕು. ಆ ಮರಳು ಬಹುಪಾಲು ಸೇರುವುದು ಡಾಂಬರು ರಸ್ತೆಯ ಮೇಲೆ ಒಕ್ಕುವಾಗ. ಯಂತ್ರಕ್ಕೆ ಲಕ್ಷ ಸುರಿಯುವ ಮುಂಚೆ ಸದಸ್ಯರ ಮನೆಗೊಂದು ತಾಡಪಾಲು ಕೊಡಿಸು. ಇನ್ನೊಂದು ನೆನಪಿರಲಿ, ಹೊಟ್ಟಿನೊಳಗಿದ್ದಾಗ ಸಾಮೆ ವರ್ಷಗಟ್ಟಲೆ ಕೆಡದು. ಹೊಟ್ಟು ತೆಗೆದ ಮೇಲೆ ತವುಡಿನ ಎಣ್ಣೆ ಗಾಳಿಗೆ ತಾಗಿ ಎರಡು ಮೂರು ತಿಂಗಳಲ್ಲಿ ಕಮಟು ವಾಸನೆ ಬರಲು ಶುರುವಾಗುತ್ತದೆ. ಕಾಳಾಗಿ ಶೇಖರಿಸು, ಆರ್ಡರಿಗೆ ತಕ್ಕಂತೆ ಅಕ್ಕಿ ಮಾಡು. ಎಫ್‌ಎಸ್‌ಎಸ್‌ಎಐ ಸಂಖ್ಯೆ, ಬ್ಯಾಚು, ಸಂಸ್ಕರಿಸಿದ ದಿನ ಚೀಲದ ಮೇಲಿರಲಿ.

ಇದೆಲ್ಲ ಹಳ್ಳಿಯ ಹೆಂಗಸರಿಂದ ಆಗುವ ಮಾತೇ ಎಂದು ಯಾರಾದರೂ ಕೇಳಿದರೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಹೆಸರು ಹೇಳು. ಅಲ್ಲಿನ ಬೀಬಿ ಫಾತಿಮಾ ಸ್ವಸಹಾಯ ಸಂಘ 2018ರಲ್ಲಿ ಹದಿನೈದು ಹೆಣ್ಣುಮಕ್ಕಳಿಂದ ಶುರುವಾಯಿತು. ಸಹಜ ಸಮೃದ್ಧ ಸಂಸ್ಥೆಯವರ ಒತ್ತಾಸೆಯಿಂದ ನಾಟಿ ಬೀಜಗಳ ಬ್ಯಾಂಕು ಕಟ್ಟಿದರು, ಸೆಲ್ಕೋ ಫೌಂಡೇಶನ್ ನೆರವಿನಿಂದ ಸೌರ ವಿದ್ಯುತ್ತಿನ ಸಿರಿಧಾನ್ಯ ಸಂಸ್ಕರಣಾ ಘಟಕ ನಡೆಸಿದರು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂತು. ನನಗೆ ಆ ಪ್ರಶಸ್ತಿಗಿಂತ ಮುಖ್ಯವಾಗಿ ಕಾಣುವುದು ಬೀಜ ಮತ್ತು ಗಿರಣಿ ಎರಡೂ ಅವರ ಊರಲ್ಲೇ ಇರುವುದು. ಕಾಳು ಊರು ಬಿಟ್ಟು ಹೋಗಿ ಅಕ್ಕಿಯಾದರೆ ಸಂಸ್ಕರಣೆಯ ಗಳಿಕೆಯೂ ಊರು ಬಿಡುತ್ತದೆ, ಹೊಟ್ಟೂ ನುಚ್ಚೂ ದನಕ್ಕೆ, ಕೋಳಿಗೆ ಸಿಗದೆ ಹೋಗುತ್ತವೆ.

ಇಡೀ ಫಸಲನ್ನು ಈ ಒಂದೇ ಕಂಪನಿಗೆ ಬರೆದುಕೊಡಬೇಡ. ಅರ್ಧಕ್ಕಿಂತ ಹೆಚ್ಚು ಒಬ್ಬರಿಗೆ ಹೋಗದಂತೆ ನೋಡಿಕೋ. ಉಳಿದದ್ದು ಹುಬ್ಬಳ್ಳಿಯ ಹಾಸ್ಟೆಲ್ಲಿಗೋ ಹತ್ತಿರದ ಅಂಗಡಿಗೋ ವಾರದ ಸಂತೆಗೋ ಹೋಗಲಿ. ಸದಸ್ಯರ ಮನೆಯ ಗಡಿಗೆಗೆ ಬೇಕಾದಷ್ಟನ್ನು ಮೊದಲೇ ತೆಗೆದಿಡಿ. ಸಾಮೆ ಬೆಳೆದವಳ ಮಕ್ಕಳು ಸಾಮೆ ಉಣ್ಣದೆ ಪಡಿತರದ ಅಕ್ಕಿಗೇ ಸೀಮಿತವಾಗುವಂಥ ವ್ಯಾಪಾರ ನನಗೆ ಒಪ್ಪಿಗೆಯಾಗದು.

ನಿನ್ನ ಕೈಗೆ ಬಂದಿರುವ ಒಪ್ಪಂದ ಇಂಗ್ಲಿಷಿನಲ್ಲಿದೆ. ನಿರ್ದೇಶಕ ಮಂಡಳಿಯ ಸಭೆ ಕರೆದು ಅದನ್ನು ಸಾಲುಸಾಲಾಗಿ ಕನ್ನಡದಲ್ಲಿ ಓದಿ ಹೇಳು. ಮಾಲು ತಿರಸ್ಕರಿಸಿದರೆ ವಾಪಸು ತರುವ ಲಾರಿ ಬಾಡಿಗೆ ಯಾರದು, ತೇವಾಂಶ ಅಳೆಯುವುದು ಯಾರ ಮೀಟರಿನಲ್ಲಿ, ಮಳೆ ಕೈಕೊಟ್ಟು ಫಸಲು ಕಡಿಮೆಯಾದರೆ ದಂಡ ಉಂಟೇ ಎನ್ನುವುದನ್ನು ಮಂಡಳಿಯವರೇ ಕೇಳುತ್ತಾರೆ. ಅವರು ಕೇಳಿದ್ದನ್ನೆಲ್ಲ ಗುರುತು ಹಾಕಿಕೊಂಡು, ಪಾವತಿಯ ದಿನವನ್ನು ಎಲ್ಲಕ್ಕಿಂತ ಮೇಲೆ ಬರೆದು, ಕಂಪನಿಯ ಖರೀದಿ ಅಧಿಕಾರಿಗೆ ಕಳಿಸು. ಅವರು ತಿದ್ದಿ ಕಳಿಸಿದ ಮೇಲೆ ಸಹಿ ಹಾಕು. ಬಿತ್ತನೆಗೆ ಇನ್ನೂ ಸಮಯವಿದೆ.