ಅಪ್ಪ ಮಾತಾಡುತ್ತಿರುವಾಗಲೇ ಕೇಳಿಟ್ಟುಕೊಳ್ಳಿ

'ಇನ್ನು ಮನೆಗೆ ಕರೆದುಕೊಂಡು ಹೋಗಿ' ಎಂದು ಡಾಕ್ಟರು ಹೇಳಿದ ದಿನ ಮುಂಬಯಿಯ ನಮ್ಮ ಮನೆಗಳಲ್ಲಿ ನಡೆಯುವುದು ಹೆಚ್ಚುಕಡಿಮೆ ಒಂದೇ. ಮಗ ಇನ್ನೊಂದು ಆಸ್ಪತ್ರೆ ಹುಡುಕಲು ಹೊರಡುತ್ತಾನೆ, ಮಗಳು ಊರ ದೇವರಿಗೆ ಹರಕೆ ಹೇಳಿಕೊಳ್ಳುತ್ತಾಳೆ, ಅಮ್ಮ ಅಡುಗೆಮನೆಯಿಂದ ಹೊರಗೆ ಬರುವುದಿಲ್ಲ. ಅಪ್ಪನಿಗೆ ಮಾತ್ರ ಯಾರೂ ಏನೂ ಹೇಳುವುದಿಲ್ಲ. ಗೊತ್ತಾದರೆ ಎದೆಗುಂದಿಬಿಡುತ್ತಾರೆ ಎಂಬ ಹೆದರಿಕೆ. ಆದರೆ ಎಷ್ಟೋ ಬಾರಿ ಅವರಿಗೆ ಗೊತ್ತೇ ಇರುತ್ತದೆ. ನಿಮಗೆ ನೋವಾಗದಿರಲಿ ಎಂದು ಅವರೂ ಸುಮ್ಮನಿರುತ್ತಾರೆ. ವೆಂಟಿಲೇಟರ್ ಹಾಕಿಸುವುದೋ ಬೇಡವೋ, ದೇಹವನ್ನು ಊರಿಗೆ ಒಯ್ಯುವುದೋ ಇಲ್ಲೇ ಮುಗಿಸುವುದೋ ಎಂದು ಆಮೇಲೆ ಅಣ್ಣತಮ್ಮಂದಿರು ಜಗಳಾಡುವುದಕ್ಕೆ ಆ ಮೌನವೇ ಕಾರಣವಾಗುತ್ತದೆ. ಹಾಗಾಗಿ ಮಾತಿನಿಂದಲೇ ಶುರುಮಾಡೋಣ.

ಕೇಳುವುದು ಹೇಗೆ?

ನೆಂಟರಿಲ್ಲದ ಹೊತ್ತು ನೋಡಿ ಹತ್ತಿರ ಕೂತು, 'ಡಾಕ್ಟರು ಹೇಳಿದ್ದನ್ನು ನಿಮಗೆ ಹೇಳಲಾ ಅಪ್ಪ?' ಎಂದು ಕೇಳಿ. ಬೇಡ ಎಂದರೆ ಅಲ್ಲಿಗೇ ನಿಲ್ಲಿಸಿ, ಇನ್ನೊಂದು ದಿನ ಮತ್ತೆ ಕೇಳಿ. ಹೂಂ ಎಂದರೆ ನಿಜ ಹೇಳಿ, ಸ್ವಲ್ಪ ಸ್ವಲ್ಪವಾಗಿ. ಕೊನೆಯಲ್ಲಿ ಮನೆಯಲ್ಲಿರಬೇಕೋ ಆಸ್ಪತ್ರೆಯಲ್ಲೋ, ಕ್ರಿಯೆ ಎಲ್ಲಿ ಆಗಬೇಕು, ಯಾರನ್ನು ನೋಡಬೇಕೆನಿಸುತ್ತಿದೆ ಎಂಬುದನ್ನು ದಿನಕ್ಕೊಂದರಂತೆ ಕೇಳಿದರೆ ಸಾಕು. ಹಣದ ವಿಷಯದಲ್ಲಿ ಸಂಕೋಚ ಬೇಡ. ಹೋಟೆಲ್ ನಡೆಸಿದವರ, ಕ್ಯಾಂಟೀನಿನಲ್ಲಿ ದುಡಿದವರ ಕೈಸಾಲ, ಚೀಟಿ ಹಣ ಯಾವ ಬ್ಯಾಂಕ್ ಪುಸ್ತಕದಲ್ಲೂ ಇರುವುದಿಲ್ಲ, ಅವರ ತಲೆಯಲ್ಲೇ ಇರುತ್ತದೆ.

ಅಪ್ಪನ ಮಾತಿಗೆ ಕಾನೂನಿನ ಬಲವನ್ನೂ ಕೊಡಿಸಬಹುದು. ಹಳದೀಪುರದಿಂದ ಬಂದು ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗರನ್ನು ಮುಂಬಯಿ ಕನ್ನಡಿಗರು ಮರೆತಿಲ್ಲ. 1973ರ ನವೆಂಬರಿನಲ್ಲಿ ನಡೆದ ಹಲ್ಲೆಯ ನಂತರ, 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅವರನ್ನು ಅದೇ ಆಸ್ಪತ್ರೆಯ ದಾದಿಯರು ನೋಡಿಕೊಂಡರು. ಅವರ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ, ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸುವ ಪ್ರಶ್ನೆ ದೇಶದಲ್ಲಿ ಬಹಿರಂಗ ಚರ್ಚೆಗೆ ಬಂತು. 2018ರ ಮಾರ್ಚ್ 9ರಂದು ಅದೇ ನ್ಯಾಯಾಲಯ 'ಲಿವಿಂಗ್ ವಿಲ್'ಗೆ, ಅಂದರೆ ಕೊನೆಗಾಲದ ಚಿಕಿತ್ಸೆಯ ಬಗ್ಗೆ ಮೊದಲೇ ಬರೆದಿಡುವ ಪತ್ರಕ್ಕೆ, ಒಪ್ಪಿಗೆ ಕೊಟ್ಟಿತು. 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಗುಣವಾಗುವ ಆಸೆ ಇಲ್ಲದಾಗ ಯಾವ ಚಿಕಿತ್ಸೆ ಬೇಡ, ತನ್ನ ಪರವಾಗಿ ತೀರ್ಮಾನಿಸಬೇಕಾದವರು ಯಾರು ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಒಂದು ಪ್ರತಿಯನ್ನು ಫ್ಯಾಮಿಲಿ ಡಾಕ್ಟರ ಬಳಿ, ಇನ್ನೊಂದನ್ನು ಪಾಲಿಕೆಯಲ್ಲಿ ಇದಕ್ಕೆಂದು ನೇಮಿಸಿರುವ ಅಧಿಕಾರಿಯ ಬಳಿ ಇಡಿ. ಅಪ್ಪನ ಬುದ್ಧಿ ಸ್ಥಿಮಿತದಲ್ಲಿರುವಾಗ ಅವರೇ ಮಾಡಬೇಕಾದ ಪತ್ರ ಇದು. ಆಮೇಲೆ ಮಕ್ಕಳು ಮಾಡಿಸಲಾಗದು.

ಖರ್ಚಿಗೆ ಎರಡು ಆಸರೆ

ಮಹಾರಾಷ್ಟ್ರದ ರೇಷನ್ ಕಾರ್ಡ್ ಇರುವ ಕುಟುಂಬಕ್ಕೆ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಬಿಳಿ ಕಾರ್ಡಿನವರಿಗೂ ಈಗ ಸಿಗುತ್ತದೆ. ಅಪ್ಪನಿಗೆ 70 ತುಂಬಿದ್ದರೆ ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಕಾರ್ಡ್ ಮಾಡಿಸಬಹುದು. ದಾಖಲಿಸುವ ಮೊದಲೇ ಆಸ್ಪತ್ರೆ ಈ ಯೋಜನೆಗಳಲ್ಲಿದೆಯೇ ಎಂದು ವಿಚಾರಿಸಿ. ಬಿಲ್ ಬಾಕಿ ಇದೆ ಎಂಬ ಕಾರಣಕ್ಕೆ ಯಾವ ಆಸ್ಪತ್ರೆಯೂ ದೇಹವನ್ನು ತಡೆದಿಟ್ಟುಕೊಳ್ಳಬಾರದು. ರೋಗಿಗಳ ಹಕ್ಕುಗಳ ಸನ್ನದಿನಲ್ಲೇ ಇದು ಇದೆ.

ಮನೆಯಲ್ಲಿ ನೋಡಿಕೊಳ್ಳುವಾಗ

ಎಲ್ಲಕ್ಕಿಂತ ಮೊದಲು ನೋವು ಇಳಿಯಬೇಕು. ನೋವಿನಲ್ಲಿ ನರಳುತ್ತಿರುವ ಅಪ್ಪನೊಡನೆ ಯಾವ ಮಾತೂ ಸಾಧ್ಯವಿಲ್ಲ. ಕ್ಯಾನ್ಸರಿನ ತೀವ್ರ ನೋವಿಗೆ ಮಾರ್ಫಿನ್ ಮಾತ್ರೆ ದಶಕಗಳಿಂದ ಬಳಕೆಯಲ್ಲಿದೆ. 'ಅದು ಕೊಟ್ಟರೆ ಕತೆ ಮುಗಿಯಿತು', 'ಚಟವಾಗುತ್ತದೆ' ಎಂದು ನೆಂಟರು ಹೇಳುವುದಕ್ಕೆ ಕಿವಿಗೊಡಬೇಡಿ. ಡಾಕ್ಟರು ಹೇಳಿದ ಪ್ರಮಾಣದಲ್ಲಿ, ಹೇಳಿದ ಹೊತ್ತಿಗೆ, ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ, ಗಡಿಯಾರ ನೋಡಿ ಕೊಡಿ; ನೋವು ಏರುವವರೆಗೆ ಕಾಯುತ್ತಾ ಕೂರಬೇಡಿ. ಮಲಬದ್ಧತೆ ಆಗಿಯೇ ಆಗುತ್ತದೆ, ಅದಕ್ಕೆ ಔಷಧವನ್ನು ಮೊದಲ ದಿನವೇ ಬರೆಸಿಕೊಳ್ಳಿ. ಎಲ್ಲ ಮೆಡಿಕಲ್ ಅಂಗಡಿಗಳಲ್ಲಿ ಈ ಮಾತ್ರೆ ಸಿಗುವುದಿಲ್ಲ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದರೆ ಅಲ್ಲಿನ ಉಪಶಾಮಕ ಆರೈಕೆ ವಿಭಾಗದಲ್ಲಿ ಹೆಸರು ಬರೆಸಿ. ನಗರದೊಳಗೆ ಮನೆಗೇ ಬಂದು ನೋಡುವ ತಂಡ ಅವರಲ್ಲಿದೆ. ಮನೆಯಲ್ಲಿ ಸಾಧ್ಯವೇ ಇಲ್ಲ ಎಂದಾದರೆ ಬಾಂದ್ರಾದ ಮೌಂಟ್ ಮೇರಿ ಬಳಿ ಶಾಂತಿ ಅವೇದನಾ ಸದನ್ ಇದೆ. ಟಾಟಾ ಆಸ್ಪತ್ರೆಯ ಶಸ್ತ್ರವೈದ್ಯ ಡಾ. ಎಲ್.ಜೆ. ಡಿಸೋಜ 1986ರಲ್ಲಿ ಶುರುಮಾಡಿದ, ದೇಶದ ಮೊದಲ ಹಾಸ್ಪಿಸ್ ಅದು. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಹಣ ಪಡೆಯದೆ ನೋಡಿಕೊಳ್ಳುತ್ತಾರೆ.

ಮಂಚ ಮತ್ತು ಏರ್ ಬೆಡ್ ಬಾಡಿಗೆಗೆ ಸಿಗುತ್ತವೆ. ತರಿಸುವ ಮೊದಲು ಬಾಗಿಲು ಅಳೆಯಿರಿ. ಕಟ್ಟಡದ ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುತ್ತದೆಯೇ ಎಂದೂ ಇಂದೇ ನೋಡಿಬಿಡಿ, ಹಳೆಯ ಕಟ್ಟಡಗಳಲ್ಲಿ ಹಿಡಿಸುವುದಿಲ್ಲ. ಆಗ ಕೈಯಿರುವ ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಎದೆ ಹತ್ತಿರ ಹಳೆಯ ಸೀರೆ ಸುತ್ತಿ, ಬೆನ್ನ ಕಡೆ ಒಬ್ಬರು, ಕಾಲ ಕಡೆ ಒಬ್ಬರು ಹಿಡಿದು ಇಳಿಸಬೇಕಾಗುತ್ತದೆ. ಯಾರು ಹಿಡಿಯಬಲ್ಲರು ಎಂದು ಪಕ್ಕದ ಮನೆಯವರಲ್ಲಿ ಮೊದಲೇ ಹೇಳಿಟ್ಟಿರಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಸೊಂಟ, ಹಿಮ್ಮಡಿ, ಬೆನ್ನು ಕೆಂಪಾಗಿದೆಯೇ ಎಂದು ನೋಡುತ್ತಿರಿ. ರಾತ್ರಿಗೆ ಬ್ಯೂರೋದಿಂದ ವಾರ್ಡ್‌ಬಾಯ್ ಅಥವಾ ಮಾವಶಿಯನ್ನು ಇಟ್ಟುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಅಮ್ಮನೊಬ್ಬಳೇ ಎಲ್ಲ ರಾತ್ರಿ ಎಚ್ಚರವಿದ್ದರೆ ಅವಳೂ ಹಾಸಿಗೆ ಹಿಡಿಯುತ್ತಾಳೆ.

ಡೊಂಬಿವಲಿ, ಮೀರಾ ರೋಡ್ ಕಡೆಯ ನೆಂಟರು ಕೆಲಸ ಮುಗಿಸಿ ರಾತ್ರಿ ಎಂಟಕ್ಕೇ ಬರುತ್ತಾರೆ. ಬಂದವರಿಗೆಲ್ಲ ಚಹಾ ಮಾಡಿ, ಕತೆ ಮೊದಲಿನಿಂದ ಹೇಳಿ ಅಮ್ಮ ಸುಸ್ತಾಗುತ್ತಾಳೆ. ನೋಡಲು ಬರುವ ಹೊತ್ತನ್ನು ವಾಟ್ಸ್ಆ್ಯಪ್‌ನಲ್ಲಿ ತಿಳಿಸಿಬಿಡಿ, ಯಾರಿಗೂ ಬೇಸರವಾಗದು.

ಕೊನೆಯ ದಿನಗಳಲ್ಲಿ ಹಸಿವು ಹೋಗುತ್ತದೆ, ನಿದ್ದೆ ಹೆಚ್ಚುತ್ತದೆ, ಕೈಕಾಲು ತಣ್ಣಗಾಗುತ್ತವೆ, ಉಸಿರು ನಿಂತು ನಿಂತು ಬರುತ್ತದೆ, ಗಂಟಲಲ್ಲಿ ಗೊರಗೊರ ಸದ್ದಾಗುತ್ತದೆ. ಇದು ದೇಹ ಕಳಚಿಕೊಳ್ಳುವ ರೀತಿ. ಉಪವಾಸ ಕೆಡವಿದೆವು ಎಂಬ ಪಾಪಭಾವನೆಯಿಂದ ಗಂಜಿಯನ್ನು ಬಲವಂತವಾಗಿ ಬಾಯಿಗೆ ಸುರಿಯಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ತಲೆ ಸ್ವಲ್ಪ ಎತ್ತರಿಸಿ, ಒದ್ದೆ ಹತ್ತಿಯಿಂದ ತುಟಿ ಒರೆಸಿ. ಅವರಿಗೆ ಕೇಳಿಸುತ್ತಿದೆ ಎಂದೇ ತಿಳಿದು ಮಾತಾಡಿ.

ಆ ದಿನ

ಈ ಹಂತದಲ್ಲಿ ಗಾಬರಿಯಿಂದ ಆಂಬುಲೆನ್ಸ್ ಕರೆಸಿ ಹೊಸ ಆಸ್ಪತ್ರೆಗೆ ಓಡಿದರೆ, ದಾರಿಯಲ್ಲೇ ಜೀವ ಹೋದಾಗ ಪೊಲೀಸ್ ವಿಚಾರಣೆ, ಪೋಸ್ಟ್‌ಮಾರ್ಟಂ ತನಕ ಹೋಗಬಹುದು. ಮನೆಯಲ್ಲೇ ಇರಲಿ ಎಂದು ತೀರ್ಮಾನಿಸಿದವರು ಎಂಬಿಬಿಎಸ್ ಓದಿದ ಫ್ಯಾಮಿಲಿ ಡಾಕ್ಟರನ್ನು ವಾರಗಳ ಮೊದಲೇ ಮನೆಗೆ ಕರೆಸಿ, ಕಾಯಿಲೆಯ ಫೈಲ್ ತೋರಿಸಿ, 'ನಡುರಾತ್ರಿ ಕರೆದರೂ ಬರುತ್ತೀರಾ?' ಎಂದು ಬಾಯಿಬಿಟ್ಟು ಕೇಳಬೇಕು. ಮನೆಯಲ್ಲಿ ತೀರಿಕೊಂಡರೆ ಸಾವಿನ ಕಾರಣದ ಪತ್ರ ಕೊಡಬೇಕಾದವರು, ಕೊನೆಯ ಕಾಯಿಲೆಯಲ್ಲಿ ನೋಡಿದ ಡಾಕ್ಟರು. ಅದು ಫಾರ್ಮ್ 4ಎ. ಆಸ್ಪತ್ರೆಯಲ್ಲಾದರೆ ಫಾರ್ಮ್ 4. ಈ ಪತ್ರವಿಲ್ಲದೆ ಸ್ಮಶಾನದಲ್ಲಿ ಮುಂದಿನ ಕೆಲಸ ನಡೆಯದು.

ಕಣ್ಣು ದಾನ ಮಾಡುವುದಿದ್ದರೆ ಆರು ಗಂಟೆಯೊಳಗೆ ಆಗಬೇಕು. ಕಣ್ಣುಗಳನ್ನು ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ. ಪೇಸ್‌ಮೇಕರ್ ಇದ್ದರೆ ದಹನಕ್ಕೆ ಮೊದಲು ತೆಗೆಸಲೇಬೇಕು, ಬೆಂಕಿಯಲ್ಲಿ ಅದು ಸಿಡಿಯುತ್ತದೆ. ಸ್ಮಶಾನದ ಕಚೇರಿಯಲ್ಲಿ ಹೆಸರು ಬರೆಯಿಸುವ ಕೆಲಸಕ್ಕೆ, ಅಳು ತಡೆದುಕೊಳ್ಳಬಲ್ಲ ಅಳಿಯನನ್ನೋ ಭಾವನನ್ನೋ ಕಳಿಸಿ. ಆಧಾರ್ ಕಾರ್ಡಿನಲ್ಲಿ ಇದ್ದಂತೆಯೇ ಒಂದೊಂದು ಅಕ್ಷರ ನೋಡಿ ಬರೆಸಬೇಕು, ರಸೀದಿ ಪಡೆಯದೆ ಹೊರಡಬಾರದು.

ಊರಿಗೆ ಒಯ್ಯುವುದಾದರೆ ಡಾಕ್ಟರ ಪತ್ರದ ಜೊತೆ ಪೊಲೀಸರ ನಿರಾಕ್ಷೇಪಣಾ ಪತ್ರ, ವಿಮಾನದಲ್ಲಾದರೆ ದೇಹ ಕೆಡದಂತೆ ಎಂಬಾಮಿಂಗ್ ಮಾಡಿಸಿದ ಪ್ರಮಾಣಪತ್ರವೂ ಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ: ದಹನ ಉಡುಪಿಯಲ್ಲಾದರೂ ಕುಂದಾಪುರದಲ್ಲಾದರೂ ಮರಣ ನೋಂದಣಿ ಆಗಬೇಕಾದದ್ದು ಜೀವ ಹೋದ ಜಾಗದಲ್ಲಿ. ಅಂದರೆ ಮುಂಬಯಿಯ ವಾರ್ಡ್ ಕಚೇರಿಯಲ್ಲೇ. ಊರಿನ ಪಂಚಾಯತಿಗೆ ಆ ಅಧಿಕಾರವಿಲ್ಲ. 21 ದಿನದೊಳಗೆ ಶುಲ್ಕವಿಲ್ಲದೆ ಆಗುತ್ತದೆ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಬೊಜ್ಜ, ಉತ್ತರಕ್ರಿಯೆ ಎಂದು ಹದಿಮೂರು ದಿನ ಊರಲ್ಲಿ ಕಳೆದು ಬರುವಷ್ಟರಲ್ಲಿ ಅವಧಿ ಮುಗಿಯುತ್ತಾ ಬಂದಿರುತ್ತದೆ, ಒಬ್ಬರು ಇಲ್ಲೇ ಉಳಿದು ಈ ಕೆಲಸ ಮುಗಿಸಲಿ.

ಕಾಗದಪತ್ರ

ಮರಣ ಪ್ರಮಾಣಪತ್ರದ ಪ್ರತಿಗಳನ್ನು ಧಾರಾಳವಾಗಿ ತೆಗೆದುಕೊಳ್ಳಿ. ಬ್ಯಾಂಕ್, ಎಲ್‌ಐಸಿ, ಪಿಎಫ್ ಎಲ್ಲರೂ ಕೇಳುತ್ತಾರೆ. ಪಿಎಫ್ ಕಟ್ಟಿದ್ದ ನೌಕರಿಯಾದರೆ ಅಮ್ಮನಿಗೆ ಪಿಂಚಣಿ ಬರುತ್ತದೆಯೇ ಎಂದು ಕಂಪನಿಯಲ್ಲಿ ತಪ್ಪದೆ ವಿಚಾರಿಸಿ. ಕೇಳದೆ ಬಿಟ್ಟವರು ಬಹಳ. ಬ್ಯಾಂಕಿನಲ್ಲಿ ನಾಮಿನಿ ಆದವರು ಹಣ ಪಡೆಯಬಹುದು, ಆದರೆ ಅಷ್ಟಕ್ಕೇ ಅದರ ಒಡೆಯರಾಗುವುದಿಲ್ಲ, ಉಳಿದ ವಾರಸುದಾರರ ಪಾಲು ಹಾಗೆಯೇ ಇರುತ್ತದೆ. ಸೊಸೈಟಿಯ ಫ್ಲ್ಯಾಟಿಗೂ ಇದೇ ಮಾತು: ನಾಮಿನಿಯನ್ನು ತಾತ್ಕಾಲಿಕ ಸದಸ್ಯ ಎಂದಷ್ಟೇ ಸೇರಿಸಿಕೊಳ್ಳುತ್ತಾರೆ.

ಊರಿನ ಜಮೀನಿಗೆ ಪೌತಿ ಖಾತೆ ಆಗಬೇಕು. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಿ. ಮುಂಬಯಿಯವರಿಗೆ ತೊಡಕಾಗುವುದು ಹೆಸರಿನಲ್ಲಿ. ಪಹಣಿಯಲ್ಲಿ ಅಪ್ಪನ ಹೆಸರಿನ ಮುಂದೆ 'ಬಿನ್' ಎಂದು ಅಜ್ಜನ ಹೆಸರಿರುತ್ತದೆ. ಇಲ್ಲಿನ ಆಧಾರ್ ಕಾರ್ಡಿನಲ್ಲಿ ಮರಾಠಿ ಪದ್ಧತಿಯಂತೆ ಅಜ್ಜನ ಹೆಸರು ನಡುವೆ, ಕುಲನಾಮ ಕೊನೆಗೆ. ಎರಡೂ ಒಬ್ಬರದೇ ಎಂದು ತೋರಿಸಲು ಅಫಿಡವಿಟ್ ಮಾಡಿಸಬೇಕಾಗುತ್ತದೆ. ಅಪ್ಪ ಇರುವಾಗಲೇ ಇದನ್ನು ಅವರ ಸಹಿಯಿಂದ ಮಾಡಿಸಿಟ್ಟರೆ ಎಷ್ಟೋ ಅಲೆದಾಟ ತಪ್ಪುತ್ತದೆ.

ಅಮ್ಮನಿಂದ ಆ ತಿಂಗಳಲ್ಲಿ ಯಾವ ಹಕ್ಕುಬಿಡುಗಡೆ ಪತ್ರಕ್ಕೂ ಸಹಿ ಹಾಕಿಸಬೇಡಿ, ಅದು ಕಾಯಬಹುದು. ತಿಂಗಳುಗಳು ಕಳೆದರೂ ಅವರು ಊಟ, ನಿದ್ದೆ ಬಿಟ್ಟು ಕೂತಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಸರ್ಕಾರದ ಉಚಿತ ಸೇವೆ, ಕನ್ನಡದಲ್ಲಿಯೂ ಮಾತಾಡುತ್ತಾರೆ.