ಮಗುವಿನ ಕೋಣೆಯ ಪೀಠೋಪಕರಣ: ಯಾವುದಕ್ಕೆ ಹಣ, ಯಾವಾಗ

ಹುಟ್ಟುವ ಮಗುವಿನ ಕೋಣೆಗೆಂದು ಮಾರುವ ಪೀಠೋಪಕರಣಗಳಲ್ಲಿ ಮುಖ್ಯವಾದವು ನಾಲ್ಕು: ಸುತ್ತ ಕಂಬಿಗಳಿರುವ ಕ್ರಿಬ್, ಅದರ ಹಾಸಿಗೆ, ಡೈಪರ್ ಬದಲಿಸುವ ಎತ್ತರದ ಮೇಜು, ಬಟ್ಟೆಯಿಡಲು ಡ್ರಾಯರುಗಳ ಕಪಾಟು. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಈ ನಾಲ್ಕೂ ಒಂದೇ ಬಣ್ಣದ ಸೆಟ್ ಆಗಿ ಸಿಗುತ್ತವೆ. ಈ ಅಂಕಣಕಾರರ ಮನೆಗೆ ಹೆರಿಗೆಗೆ ಮೊದಲೇ ಬಂದದ್ದು ಅಂಥದೊಂದು ಬಿಳಿ ಸೆಟ್. ಬೆಲೆ 60,000 ರೂಪಾಯಿ: ಕ್ರಿಬ್‌ಗೆ 28,000, ಹಾಸಿಗೆಗೆ 5,000, ಮೇಜಿಗೆ 11,000, ಕಪಾಟಿಗೆ 16,000. ಕ್ರೆಡಿಟ್ ಕಾರ್ಡಿನಲ್ಲಿ ಹನ್ನೆರಡು ಕಂತು, ‘ನೋ ಕಾಸ್ಟ್ ಇಎಂಐ’.

ಈ ಖರೀದಿಯಲ್ಲಿ ಬೆಲೆಗಿಂತ ಮೊದಲು ನೋಡಬೇಕಾದದ್ದು ಕಾಲ. ಸೀಮಂತ ಮುಗಿಸಿಕೊಂಡು ತವರಿಗೆ ಹೋದ ಹೆಣ್ಣುಮಗಳು ಬಾಣಂತನ ಮುಗಿಸಿ ಮೂರನೇ ಅಥವಾ ಐದನೇ ತಿಂಗಳಲ್ಲಿ ಮರಳುವುದು ಇಂದಿಗೂ ಬಹಳ ಮನೆಗಳ ಪದ್ಧತಿ. ಅಷ್ಟು ದಿನವೂ ಕ್ರಿಬ್ ಬೆಂಗಳೂರಿನ ಫ್ಲ್ಯಾಟಿನಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ. ಮಗು ಹಾಸನದ ಅಜ್ಜಿಯ ಮನೆಯ ತೊಟ್ಟಿಲಲ್ಲಿ. ಕಂತು ಮಾತ್ರ ತಿಂಗಳು ತಪ್ಪದೆ ಕಟ್ಟಬೇಕು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂಬ ಹಿರಿಯರ ಎಚ್ಚರಿಕೆಯಲ್ಲಿ ಶಕುನದ ಭಯ ಎಷ್ಟಿದೆಯೋ, ಹಣದ ವಿವೇಕವೂ ಅಷ್ಟೇ ಇದೆ.

ತೊಟ್ಟಿಲಿನ ಬಳಕೆಯ ಅವಧಿ ಬಾಣಂತನದ ಅವಧಿಗೆ ಸರಿಯಾಗಿ ಹೊಂದುತ್ತದೆ. ಮಗು ಮಗ್ಗುಲಾಗಿ, ಅಂಗೈ ಮಂಡಿ ಊರಿ ಮೈ ಎತ್ತತೊಡಗಿದರೆ ತೂಗುವ ತೊಟ್ಟಿಲು ಸುರಕ್ಷಿತವಲ್ಲ. ಅಷ್ಟರೊಳಗೆ ನಾಲ್ಕೈದು ತಿಂಗಳು ಕಳೆದಿರುತ್ತದೆ. ಧಾರವಾಡ ಜಿಲ್ಲೆಯ ಕಲಘಟಗಿಯ ಚಿತ್ರಗಾರರು ಅರಗಿನ ಬಣ್ಣದಲ್ಲಿ ರಾಮಾಯಣ, ಮಹಾಭಾರತದ ಚಿತ್ರ ಬರೆದು ಮಾಡುವ ತೊಟ್ಟಿಲುಗಳು ತಲೆಮಾರು ದಾಟಿ ಬರುತ್ತವೆ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಒಂದೇ ತೊಟ್ಟಿಲು ಅಕ್ಕನ ಮನೆಯಿಂದ ತಂಗಿಯ ಮನೆಗೆ ಓಡಾಡಿಕೊಂಡಿರುತ್ತದೆ. ಇಂಥ ತೊಟ್ಟಿಲು ಸಿಕ್ಕವರಿಗೆ ಮೊದಲ ಐದು ತಿಂಗಳ ಖರ್ಚು ಒಂದು ಸಮತಟ್ಟಾದ, ಗಟ್ಟಿ ಹಾಸಿಗೆಯದು ಮಾತ್ರ. ಹಳೆಯ ತೊಟ್ಟಿಲಿಗೆ ನಡುವೆ ಯಾರಾದರೂ ಅಂಗಡಿಯ ಎನಾಮೆಲ್ ಬಳಿದಿದ್ದರೆ ಅದನ್ನು ವಿಚಾರಿಸಬೇಕು. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ಕೊನೆಗೆ. ಅದಕ್ಕೆ ಹಿಂದಿನ ಬಣ್ಣ ಚಕ್ಕೆ ಏಳುತ್ತಿದ್ದರೆ ಮಗುವಿನ ಬಾಯಿಗೆ ಹೋಗುತ್ತದೆ.

ಕ್ರಿಬ್‌ನಲ್ಲಿ ಗುಣಮಟ್ಟ ಎಂದರೆ ಅಳತೆಗೆ ಸಿಗುವ ಕೆಲವೇ ಸಂಗತಿಗಳು. ಕಂಬಿ ಕಂಬಿಯ ನಡುವೆ 6 ಸೆಂಟಿಮೀಟರಿಗಿಂತ ಹೆಚ್ಚು ಸಂದಿ ಇರಬಾರದು. ಅಮೆರಿಕದ ನಿಯಮದಲ್ಲಿ ಇದು 2.375 ಇಂಚು. ಅದಕ್ಕಿಂತ ಅಗಲವಾದರೆ ಮೈ ತೂರಿ ತಲೆ ಸಿಕ್ಕಿಕೊಳ್ಳುತ್ತದೆ. ಹಾಸಿಗೆಗೂ ಚೌಕಟ್ಟಿಗೂ ನಡುವೆ ಎರಡು ಬೆರಳು ಹೋಗುವಷ್ಟು ಜಾಗವಿದ್ದರೆ ಆ ಹಾಸಿಗೆ ಆ ಕ್ರಿಬ್‌ಗೆ ಅಲ್ಲ. ಅಂಗೈಯಿಂದ ಒತ್ತಿ ಬಿಟ್ಟ ಹಾಸಿಗೆ ಕೂಡಲೇ ಮೊದಲಿನಂತಾಗಬೇಕು. ಅಂಗೈ ಗುರುತು ಉಳಿಯುವಷ್ಟು ಮೆದುವಾದದ್ದು, ಎಷ್ಟೇ ದುಬಾರಿಯಾದರೂ, ಕೂಸಿಗೆ ಅಪಾಯ. ನಾಲ್ಕೂ ಬದಿ ಅಲುಗದಂತೆ ಕೂತಿರಬೇಕು. ಒಂದು ಬದಿ ಕೆಳಗೆ ಜಾರುವ ಮಾದರಿಯನ್ನು ಅಮೆರಿಕ 2011ರ ಜೂನ್‌ನಲ್ಲಿ ನಿಷೇಧಿಸಿತು. 2000ದಿಂದೀಚೆಗೆ ಕನಿಷ್ಠ 32 ಮಕ್ಕಳ ಸಾವಿಗೂ ಆ ಜಾರುವ ಬದಿಗೂ ಸಂಬಂಧವಿದೆ ಎಂದು ಅಲ್ಲಿನ ಗ್ರಾಹಕ ಸುರಕ್ಷಾ ಆಯೋಗ ಲೆಕ್ಕ ಕೊಟ್ಟಿತ್ತು. ಬದಿ ಸಡಿಲಗೊಂಡು ಹಾಸಿಗೆಯಿಂದ ದೂರ ಸರಿದಾಗ ಆ ಸಂದಿಯಲ್ಲಿ ಮಗು ಸಿಕ್ಕಿಕೊಳ್ಳುತ್ತಿತ್ತು. ಬಾಗಿ ಮಗುವನ್ನೆತ್ತಲು ಸುಲಭ ಎಂಬ ಮಾತಿಗೆ ಮರುಳಾಗಿ ಅಂಥದನ್ನು ಇಲ್ಲಿಯೂ ಯಾರೂ ಕೊಳ್ಳಬಾರದು.

ಸೆಟ್ಟಿನ ಜತೆಗೆ ಬರುವ ದಿಂಬು, ಸುತ್ತ ಕಟ್ಟುವ ಮೆತ್ತನೆಯ ಬಂಪರ್, ದಪ್ಪ ರಜಾಯಿ ಇವೆಲ್ಲ ಕ್ರಿಬ್‌ನಿಂದ ಹೊರಗಿರಬೇಕಾದವು. ಬಂಪರಿನ ಮಾರಾಟವನ್ನು ಅಮೆರಿಕ 2022ರ ಕಾನೂನಿನಿಂದ ನಿಲ್ಲಿಸಿದೆ. ಮಕ್ಕಳ ವೈದ್ಯರು ಹೇಳುವುದು ಇಷ್ಟೆ: ಮೊದಲ ವರ್ಷ ಅಂಗಾತ ಮಲಗಿಸಿ, ಬಿಗಿಯಾಗಿ ಸಿಕ್ಕಿಸಿದ ಒಂದು ಬೆಡ್‌ಶೀಟ್ ಬಿಟ್ಟು ಬೇರೇನೂ ಬೇಡ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬಿಗೂ ಇದೇ ಮಾತು. ನಮ್ಮ ಊರುಗಳಲ್ಲಿ ನಿಜಕ್ಕೂ ಬೇಕಾದ ಹೆಚ್ಚುವರಿ ವಸ್ತು ಸೊಳ್ಳೆಪರದೆ; ಸೆಟ್ಟಿನಲ್ಲಿ ಅದೇ ಇರುವುದಿಲ್ಲ.

ಇನ್ನು ಕಂತು. ‘ನೋ ಕಾಸ್ಟ್’ ಎಂಬ ಹೆಸರಿನಲ್ಲೇ ಸುಳ್ಳಿದೆ. ಬ್ಯಾಂಕಿನ ದರ ವರ್ಷಕ್ಕೆ ಶೇ 15 ಎಂದಿಟ್ಟುಕೊಂಡರೆ, ತಿಂಗಳಿಗೆ 5,000ದಂತೆ ಹನ್ನೆರಡು ಕಂತಿನಲ್ಲಿ ತೀರುವ ಸಾಲದ ಅಸಲು 60,000 ಅಲ್ಲ, 55,397. ಉಳಿದ 4,603 ರೂಪಾಯಿ ಬಡ್ಡಿ. ಅಂಗಡಿ ಇಷ್ಟೇ ಮೊತ್ತವನ್ನು ರಿಯಾಯಿತಿಯೆಂದು ಬಿಲ್ಲಿನಲ್ಲಿ ಕಳೆಯುತ್ತದೆ, ಬ್ಯಾಂಕು ಅದನ್ನೇ ಬಡ್ಡಿಯೆಂದು ಸೇರಿಸುತ್ತದೆ, ಗಿರಾಕಿಗೆ ಮೊತ್ತ ಬದಲಾಗಿಲ್ಲ ಎನಿಸುತ್ತದೆ. ಆದರೆ ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿ ಇದೆ: 829 ರೂಪಾಯಿ. ಪ್ರೊಸೆಸಿಂಗ್ ಫೀ 199, ಅದರ ಮೇಲಿನ ಜಿಎಸ್‌ಟಿ 36. ಒಟ್ಟು 1,064 ರೂಪಾಯಿ ಗಿರಾಕಿಯ ಕೈಯಿಂದಲೇ ಹೋಯಿತು. ಇದಕ್ಕಿಂತ ದೊಡ್ಡ ನಷ್ಟ ಬಿಲ್ಲಿನಲ್ಲಿ ಕಾಣುವುದಿಲ್ಲ. ಬ್ಯಾಂಕಿಗಾಗಿ 4,603 ಬಿಟ್ಟುಕೊಡಲು ಸಿದ್ಧವಿದ್ದ ಅಂಗಡಿ, ಒಂದೇ ಸಲ ಹಣ ಎಣಿಸುವವರಿಗೂ ಅದನ್ನು ಬಿಡಬಹುದು; ಕೇಳಬೇಕು, ಅಷ್ಟೆ. ಎರಡನ್ನೂ ಕೂಡಿದರೆ 5,667. ಅಸಲು ತಿಂಗಳು ತಿಂಗಳು ಕರಗುವುದರಿಂದ ವರ್ಷದುದ್ದಕ್ಕೂ ತಲೆಯ ಮೇಲಿದ್ದ ಸಾಲ ಸರಾಸರಿ 30,700 ರೂಪಾಯಿ ಮಾತ್ರ. ಅಷ್ಟಕ್ಕೆ 5,667 ಎಂದರೆ ಶೇ 18.5ರ ಆಸುಪಾಸು. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಅದು ಬೇರೆ ಹೆಸರಿನಲ್ಲಿ ಅಡಗಿರುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಬರೆದು ಹೇಳಿತ್ತು. ಹೆಸರು ಬದಲಿಸಿಕೊಂಡು ಅದೇ ಸರಕು ಇಂದಿಗೂ ಕೌಂಟರಿನ ಮೇಲಿದೆ. ಅದಕ್ಕೆ ಸಹಿ ಹಾಕಲು ಒಂದೇ ಒಂದು ಒಳ್ಳೆಯ ಕಾರಣವೂ ಇಲ್ಲ.

ಅದೇ 5,000 ರೂಪಾಯಿಯನ್ನು ಗರ್ಭದ ನಾಲ್ಕನೇ ತಿಂಗಳಿಂದ ಆರ್‌ಡಿಗೆ ಕಟ್ಟುತ್ತ ಬಂದರೆ ಹೆರಿಗೆಯ ಹೊತ್ತಿಗೆ 30,000, ಮಗು ಐದು ತಿಂಗಳದಾಗಿ ಮನೆಗೆ ಬರುವ ಹೊತ್ತಿಗೆ 55,000. ಬಡ್ಡಿ ಅದರ ಮೇಲೆ. ತಿಂಗಳ ಸಂಬಳದಿಂದ ಹೋಗುವ ಮೊತ್ತ ಎರಡರಲ್ಲೂ ಒಂದೇ. ಮೊದಲು ಕೂಡಿಟ್ಟು ಆಮೇಲೆ ಕೊಳ್ಳುವ ಅಭ್ಯಾಸ ಹಿಂದಿನ ತಲೆಮಾರಿಗೆ ಅನಿವಾರ್ಯವಾಗಿತ್ತು, ಏಕೆಂದರೆ ಸಾಲ ಕೊಡುವವರಿರಲಿಲ್ಲ. ಈಗ ಕೊಡುವವರು ಬಾಗಿಲಲ್ಲೇ ನಿಂತಿದ್ದಾರೆ. ಆ ಅಭ್ಯಾಸವನ್ನು ಈಗ ಪ್ರಯತ್ನಪಟ್ಟು ಕಲಿಯಬೇಕಾಗಿದೆ. ಮಗುವಿನ ಮೇಲಿನ ಪ್ರೀತಿಯನ್ನು ಸೆಟ್ಟಿನ ಬೆಲೆಯಲ್ಲಿ ಅಳೆಯುವ ಚಟ ಡೈಪರ್, ಪ್ರಾಮ್, ಪ್ರಿ-ಸ್ಕೂಲ್ ಎಂದು ಮುಂದುವರಿಯುತ್ತ ಹೋಗುತ್ತದೆ.

ಡೈಪರ್ ಮೇಜು ನಮ್ಮ ಮನೆಗಳಿಗೆ ಹೊಂದದ ವಸ್ತು. ಅಜ್ಜಿ ನೆಲದ ಮೇಲೆ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ಹಚ್ಚಿ ನೀರು ಹಾಕುತ್ತಾರೆ; ಬಟ್ಟೆ ತೊಡಿಸುವುದು ಚಾಪೆಯ ಮೇಲೆ. ನೆಲದಿಂದ ಮಗು ಬೀಳುವ ಭಯವೂ ಇಲ್ಲ. 11,000 ರೂಪಾಯಿಯ ಆ ಮೇಜು ಕೆಲವೇ ವಾರಗಳಲ್ಲಿ ಇಸ್ತ್ರಿ ಬಟ್ಟೆ ಪೇರಿಸುವ ಜಾಗವಾಯಿತು.

ಕಪಾಟು ಪಾರ್ಟಿಕಲ್ ಬೋರ್ಡಿನದು. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡುವ ಈ ಹಲಗೆ ಒಂದು ಸಲ ಜೋಡಿಸಿಟ್ಟರೆ ನಿಲ್ಲುತ್ತದೆ, ಬಿಚ್ಚಿ ಜೋಡಿಸುವುದನ್ನು ತಾಳುವುದಿಲ್ಲ. ಮನೆ ಬದಲಿಸುವಾಗ ತಿರುಪು ತೆಗೆದ ತೂತುಗಳಿಂದ ಹೊಟ್ಟಿನಂಥ ಪುಡಿ ಉದುರಿತು. ಹೊಸ ಮನೆಯಲ್ಲಿ ಬಿಗಿಸಲು ಹೋದರೆ ತಿರುಪು ಬರಿದೇ ಸುತ್ತುತ್ತಿತ್ತು, ಹಿಡಿಯಲಿಲ್ಲ. ಅದರ ಅಂಟಿನಿಂದ ಫಾರ್ಮಾಲ್ಡಿಹೈಡ್ ಹೊರಬರುವುದೂ ಉಂಟು. ಹೊಸದರ ಕಟು ವಾಸನೆ ಹೋಗುವವರೆಗೆ ಕಿಟಕಿ ತೆರೆದ ಕೋಣೆಯಲ್ಲಿ, ಮಗುವಿನಿಂದ ದೂರ ಇಡಬೇಕು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋಗುವವರಿಗೆ ರಬ್ಬರ್ ಮರದ ಅಥವಾ ಸಾಗುವಾನಿಯ ಸಾದಾ ಕಪಾಟು ಮೇಲು. ಮಗು ದೊಡ್ಡದಾದ ಮೇಲೂ ಅದು ಕಪಾಟೇ. ಯಾವುದೇ ಆಗಲಿ, ಎಲ್ ಕ್ಲಾಂಪ್ ಹಾಕಿ ಗೋಡೆಗೆ ಬಿಗಿಸಬೇಕು. ನಡೆಯಲು ಕಲಿತ ಮಗು ಡ್ರಾಯರ್ ಹಿಡಿದು ಹತ್ತುತ್ತದೆ.

ಊರಿನ ಬಡಗಿಯಿಂದ ಕ್ರಿಬ್ ಮಾಡಿಸುವವರು ಹಾಸಿಗೆಯನ್ನು ಮೊದಲು ಕೊಂಡು, ಅದರ ಅಳತೆಗೆ ಚೌಕಟ್ಟು ಹಾಕಿಸಬೇಕು. ಕಂಬಿಯ ಸಂದಿಯ ಅಳತೆಯನ್ನು ಬಾಯಲ್ಲಿ ಹೇಳದೆ, 6 ಸೆಂಟಿಮೀಟರಿನ ಮರದ ತುಂಡೊಂದನ್ನೇ ಕೈಗೆ ಕೊಡುವುದು ಉತ್ತಮ. ಸೆಕೆಂಡ್‌ಹ್ಯಾಂಡ್ ಕ್ರಿಬ್ ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತದೆ, ಏಕೆಂದರೆ ಮಾರುವವರಿಗೆ ಜಾಗ ಖಾಲಿಯಾದರೆ ಸಾಕಾಗಿರುತ್ತದೆ. ಕೊಳ್ಳುವ ಮುನ್ನ ಎಲ್ಲ ಬೋಲ್ಟುಗಳಿವೆಯೇ, ಯಾವ ಕಂಬಿಯಾದರೂ ಕೈಯಲ್ಲಿ ತಿರುಗುತ್ತದೆಯೇ ಎಂದು ನೋಡಿ, ನಾಲ್ಕು ಮೂಲೆ ಹಿಡಿದು ಅಲುಗಿಸಬೇಕು. ಹಾಸಿಗೆಯನ್ನು ಮಾತ್ರ ಹೊಸದಾಗಿ ತರಬೇಕು. ಅಮೆರಿಕದಲ್ಲಿರುವ ಕನ್ನಡಿಗರಿಗೆ ಪರಿಚಯದವರ ಗ್ಯಾರೇಜಿನಿಂದ ಕ್ರಿಬ್ ಪುಕ್ಕಟೆಯಾಗಿ ಬಂದರೆ ತಯಾರಿಯ ದಿನಾಂಕದ ಚೀಟಿ ನೋಡಬೇಕು; 2011ರ ಜೂನ್‌ಗಿಂತ ಹಿಂದಿನ, ಬದಿ ಜಾರುವ ಕ್ರಿಬ್ಬನ್ನು ಅಲ್ಲಿ ಮಾರುವಂತೆಯೇ ಇಲ್ಲ.