ಬೆಳಗಿನ ಗಂಟು ಬಿಗಿತ: ಅಲಕ್ಷ್ಯ ಬೇಡ

ಅಡಿಕೆ ಸುಲಿಯಲು ಕುಳಿತರೆ ಕತ್ತಿ ಹಿಡಿಯಲಾಗದು. ಹಾಲು ಕರೆಯಲು ಹೋದರೆ ಬೆರಳು ಮಡಚದು. "ಮಳೆಗಾಲದ ವಾತ, ಎಣ್ಣೆ ಹಚ್ಚಿದರೆ ಸರಿಯಾದೀತು" ಎಂದು ತಿಂಗಳುಗಟ್ಟಲೆ ಕಾಯುವವರು ನಮ್ಮ ಮನೆಗಳಲ್ಲಿದ್ದಾರೆ. ಆದರೆ ಎಲ್ಲ ಗಂಟುನೋವೂ ಒಂದೇ ಅಲ್ಲ. ಕಾಯಬಾರದ ಗಂಟುನೋವೂ ಉಂಟು.

ಗುರುತಿಸುವುದು ಹೇಗೆ?

ಗುಡ್ಡ ಹತ್ತಿ, ಹೊರೆ ಹೊತ್ತು ಸವೆದ ಮೊಣಕಾಲು ದುಡಿದಂತೆಲ್ಲ ನೋಯುತ್ತದೆ, ವಿಶ್ರಾಂತಿಯಿಂದ ಶಮನವಾಗುತ್ತದೆ. ರುಮಟಾಯ್ಡ್ ಸಂಧಿವಾತ ಹಾಗಲ್ಲ. ಬೆಳಿಗ್ಗೆ ಎದ್ದಾಗ ಬಿಗಿದ ಕೈ ಸಡಿಲಾಗಲು ಒಂದು ಗಂಟೆಯೋ ಹೆಚ್ಚೋ ಬೇಕು. ಸಾಮಾನ್ಯವಾಗಿ ಎರಡೂ ಕೈಗಳ ಬೆರಳ ಬುಡ, ಮಣಿಕಟ್ಟು, ಪಾದದ ಸಣ್ಣ ಗಂಟುಗಳು ಊದುತ್ತವೆ. ದಣಿವು, ಸಣ್ಣ ಜ್ವರ ಇರಬಹುದು. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು.

ರೋಗಾಣುಗಳನ್ನು ತಡೆಯಬೇಕಾದ ದೇಹದ ರಕ್ಷಣಾ ಶಕ್ತಿಯೇ ಗಂಟಿನ ಒಳಪೊರೆಯ ಮೇಲೆ ಎರಗುವುದು ಈ ರೋಗದ ಮೂಲ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಇದು ಅಂಟುರೋಗವಲ್ಲ. ಧೂಮಪಾನದಿಂದ ಇದರ ಅಪಾಯ ಹೆಚ್ಚುತ್ತದೆ.

2006-07ರಲ್ಲಿ ಕೇರಳದಲ್ಲಿ ಹರಡಿದ ಚಿಕೂನ್‌ಗುನ್ಯವನ್ನು ನಾವು ಮರೆತಿಲ್ಲ. ಆ ಜ್ವರ ಬಿಟ್ಟ ಮೇಲೂ ಗಂಟುನೋವು ತಿಂಗಳುಗಟ್ಟಲೆ ಉಳಿಯುವುದುಂಟು, ನೋಡಲು ಇದೇ ರೋಗದಂತಿರುತ್ತದೆ. ಆದುದರಿಂದ ಹಿಂದೆ ಬಂದ ಜ್ವರದ ವಿಷಯವನ್ನು ವೈದ್ಯರಿಗೆ ಹೇಳಲೇಬೇಕು.

ಪರೀಕ್ಷೆಗಳು

ಇ.ಎಸ್.ಆರ್., ಸಿ.ಆರ್.ಪಿ., ಆರ್.ಎ. ಫ್ಯಾಕ್ಟರ್, ಆಂಟಿ ಸಿ.ಸಿ.ಪಿ. ಎಂಬ ರಕ್ತಪರೀಕ್ಷೆಗಳಿವೆ. ಆರ್.ಎ. ಫ್ಯಾಕ್ಟರ್ ಇಲ್ಲದೆಯೂ ರೋಗವಿರಬಹುದು. ಅದು ಇದ್ದೂ ರೋಗವಿಲ್ಲದಿರಬಹುದು. ಆರಂಭದಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ಚೀಟಿ ನೋಡಿ ನಾವೇ ತೀರ್ಮಾನಿಸದೆ, ಗಂಟುಗಳನ್ನು ಮುಟ್ಟಿ ನೋಡುವ ವೈದ್ಯರಲ್ಲಿ ತೋರಿಸಬೇಕು.

ಚಿಕಿತ್ಸೆ

ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆಯೇ ಸಿಂಪಡಿಸುತ್ತೇವಲ್ಲ? ಉದುರಿದ ಅಡಿಕೆ ಮತ್ತೆ ಗೊನೆ ಸೇರದು. ಹಾಗೆಯೇ ಸವೆದ ಎಲುಬು, ಸೊಟ್ಟಗಾದ ಬೆರಳು ಮದ್ದಿನಿಂದ ಮೊದಲಿನಂತಾಗದು. ನೋವಿನ ಗುಳಿಗೆ ನೋವನ್ನಷ್ಟೇ ಅಡಗಿಸುತ್ತದೆ. ಒಳಗೆ ಗಂಟು ಸವೆಯುತ್ತಲೇ ಇರುತ್ತದೆ.

ರೋಗವನ್ನೇ ಹತೋಟಿಗೆ ತರುವ ಮುಖ್ಯ ಮದ್ದು ಮೆಥೊಟ್ರೆಕ್ಸೇಟ್. ಇದನ್ನು ವಾರಕ್ಕೆ ಒಂದೇ ದಿನ ಸೇವಿಸಬೇಕು. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಮದ್ದಿನ ದಿನವನ್ನು ನಿಶ್ಚಯಿಸಿ ಕ್ಯಾಲೆಂಡರಿನಲ್ಲಿ ಗುರುತು ಮಾಡಿರಿ. ಇದರೊಂದಿಗೆ ಫೋಲಿಕ್ ಆಮ್ಲದ ಗುಳಿಗೆಯನ್ನೂ ವೈದ್ಯರು ಕೊಡುತ್ತಾರೆ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕಾದೀತು. ಅಷ್ಟರಲ್ಲಿ ಬೇಸತ್ತು ಬಿಡಬೇಡಿ. ಹೇಳಿದಾಗಲೆಲ್ಲ ರಕ್ತ ಮತ್ತು ಪಿತ್ತಜನಕಾಂಗದ ಪರೀಕ್ಷೆ ಮಾಡಿಸಿರಿ. ಮದ್ಯ ಬೇಡ. ಜ್ವರ, ಬಾಯಿಹುಣ್ಣು, ಒಣಕೆಮ್ಮು, ಉಸಿರಾಟದ ತೊಂದರೆ ಕಂಡರೆ ಕೂಡಲೇ ವೈದ್ಯರನ್ನು ಕಾಣಿರಿ. ಗರ್ಭಿಣಿಯರು ಈ ಮದ್ದು ಸೇವಿಸಬಾರದು. ಮಗುವನ್ನು ಬಯಸುವ ದಂಪತಿಗಳು ಮೊದಲೇ ವೈದ್ಯರಿಗೆ ತಿಳಿಸಬೇಕು.

ಒಂದೇ ದಿನದಲ್ಲಿ ನೋವು ಮಾಯವಾಗಿಸುವ ಹೆಸರಿಲ್ಲದ ಪುಡಿ, ಗುಳಿಗೆಗಳ ಬಗ್ಗೆ ಎಚ್ಚರ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಬಹುಕಾಲ ಸೇವಿಸಿದರೆ ಎಲುಬು ಟೊಳ್ಳಾಗುತ್ತದೆ, ಸಕ್ಕರೆ ಖಾಯಿಲೆ ಬರಬಹುದು. ಈಗಾಗಲೇ ಸೇವಿಸುತ್ತಿರುವವರು ತಟ್ಟನೆ ನಿಲ್ಲಿಸದೆ ವೈದ್ಯರ ಸಲಹೆ ಪಡೆಯಲಿ.

ಗಂಟುಗಳ ಊತ, ಬೆಳಗಿನ ಬಿಗಿತ ಆರು ವಾರ ದಾಟುವ ತನಕ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿರಿ. ಅಗತ್ಯವಿದ್ದರೆ ಅಲ್ಲಿಂದ ಚೀಟಿ ಪಡೆದು ಪರಿಯಾರಂ ಅಥವಾ ಮಂಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಬಹುದು. ಅಮ್ಮ ನಾಳೆ ನಾಳೆ ಎಂದು ಮುಂದೂಡಿದರೆ ಮಕ್ಕಳೇ ಕರೆದೊಯ್ಯಲಿ. ದುಡಿಯುವ ಕೈಗಳೇ ನಮ್ಮ ಆಸ್ತಿಯಲ್ಲವೇ?